ಕ್ರೋಬ್ಯಾಂಕ್ ತಿರುವಿನ ಕಂಬ

ಕ್ವಿನ್‌ಫರ್ಡ್ ಸೈಕಲ್ ಸಂಘದಲ್ಲಿ ತಲೆ ಯಾರು ಬೇಕಾದರೂ ಆಗಬಹುದು, ಬಾಲವಾಗುವುದು ಮಾತ್ರ ಎಲ್ಲರ ಕೈಲಾಗುವ ಕೆಲಸವಲ್ಲ. ಇದು ಮೆರಿಯಲ್ ಹೇಳುತ್ತಿದ್ದ ಮಾತು. ಸಂಘಕ್ಕೆ ಬಹಳ ವರ್ಷಗಳಿಂದ ಅವಳೇ ಬಾಲವಾದ್ದರಿಂದ ಆ ಮಾತಿನಲ್ಲಿ ಸ್ವಲ್ಪ ಜಂಬವೂ ಇತ್ತು. ತಲೆ ಎಂದರೆ ಎಲ್ಲರಿಗಿಂತ ಮುಂದೆ ಹೋಗುವವನು. ಬಾಲ ಎಂದರೆ ಎಲ್ಲರಿಗಿಂತ ಹಿಂದೆ, ಪಂಕ್ಚರ್ ಆದವರನ್ನೂ ಏರಿನಲ್ಲಿ ಉಸಿರುಗಟ್ಟಿ ಕೂತವರನ್ನೂ ಅಟ್ಟಿಕೊಂಡು ಬರುವವಳು. ಇವರಿಬ್ಬರ ನಡುವೆ ಕಂಬ. ತಿರುವು ಬಂದಾಗಲೆಲ್ಲ ತಲೆಯ ಬೆನ್ನಿಗೆ ಯಾರಿದ್ದಾರೋ ಅವರು ಸೈಕಲ್ಲಿನಿಂದ ಇಳಿದು ಕಂಬವಾಗಬೇಕು, ಹಿಂದಿನಿಂದ ಬರುವವರಿಗೆಲ್ಲ ಕೈ ಚಾಚಿ ದಾರಿ ತೋರಿಸಬೇಕು. ಕೊನೆಗೆ ಬಾಲ ಬಂದು, 'ಬಾಲ ಬಂತು, ಹಿಂದೆ ಬರೀ ಗಾಳಿ' ಎಂದು ಬಾಯಿಬಿಟ್ಟು ಹೇಳಬೇಕು. ಅಲ್ಲಿಯತನಕ ಕಂಬ ಕದಲುವಂತಿಲ್ಲ. ಮಳೆ ಬರಲಿ, ಹೊಟ್ಟೆ ಚುರುಗುಟ್ಟಲಿ, ಬೇಲಿಯ ಆಚೆಯಿಂದ ದನ ಬಂದು ಟೋಪಿ ಮೂಸಲಿ.

ಒಂದು ಸಲ ಸೆಡ್ರಿಕ್ ಎಂಬ ಪಾಪದವನೊಬ್ಬ ಚಳಿ ತಡೆಯಲಾರದೆ ಜಾಗ ಬಿಟ್ಟು ಹೋಗಿದ್ದ. ಹಿಂದೆ ಬರುತ್ತಿದ್ದ ಇಬ್ಬರು ದಾರಿ ತಪ್ಪಿ ಪಕ್ಕದ ಕಣಿವೆಗೆ ಇಳಿದಿದ್ದರು. ಅವತ್ತು ಪಬ್ಬಿನಲ್ಲಿ ಎಲ್ಲರೆದುರಿಗೆ ಮೆರಿಯಲ್ ಅವನ ಜನ್ಮ ಜಾಲಾಡಿದ್ದಳು. "ಕಂಬ ಜಾಗ ಬಿಡಬಾರದು, ಬಾಲ ದಾರಿ ಬಿಡಬಾರದು. ಇರೋದೇ ಎರಡು ಮಾತು. ಅದೂ ನೆನಪಿರಲ್ಲ ಅಂದ್ರೆ ಮನೇಲಿ ಕೂತು ಸ್ವೆಟರ್ ಹೆಣಿ, ಸೆಡ್ರಿಕ್." ಪಾಪ, ಅವನು ಆಮೇಲೆ ಎಷ್ಟೋ ದಿನ ಸೈಕಲ್ ಕಡೆ ತಿರುಗಿಯೂ ನೋಡಿರಲಿಲ್ಲ.

ಅಕ್ಟೋಬರ್ ಕೊನೆಯ ಆ ಭಾನುವಾರ, ವರ್ಷದ ಕಡೆಯ ಸವಾರಿಗೆಂದು ಊರ ನಡುವಿನ ಹುಲ್ಲುಬಯಲಿನಲ್ಲಿ ಎಲ್ಲರೂ ಸೇರಿದಾಗ ಮೆರಿಯಲ್ ತನ್ನ ಗಂಡ ನೆವಿಲ್‌ನ ಜೊತೆ ಜಗಳವಾಡುತ್ತಿದ್ದಳು. ನೆವಿಲ್ ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡು ನಿವೃತ್ತನಾದವನು, ಕಡಿಮೆ ಮಾತಿನ ಮನುಷ್ಯ. ವಸಂತದಲ್ಲಿ ಅವನ ಎದೆ ಕೈಕೊಟ್ಟಿತ್ತು. ಆಸ್ಪತ್ರೆಯವರು ಸ್ಟೆಂಟ್ ಹಾಕಿ, ನಿಧಾನವಾಗಿ ಸೈಕಲ್ ತುಳಿಯಬಹುದು ಎಂದು ಕಳಿಸಿದ್ದರು. ಜೊತೆಗೆ ಹೆಬ್ಬೆರಳು ಗಾತ್ರದ ಒಂದು ಕೆಂಪು ಸೀಸೆ ಕೊಟ್ಟಿದ್ದರು. ಎದೆ ಹಿಡಿದರೆ ನಾಲಿಗೆಯ ಕೆಳಗೆ ಸಿಂಪಡಿಸಿಕೊಳ್ಳುವ ಔಷಧಿ. ಯಾವಾಗಲೂ ಕೈಗೆಟುಕುವ ಹಾಗಿರಲಿ ಎಂದಿದ್ದರು. ಯಾರ ಕೈಗೆ ಎಂದು ಅವರು ಬಿಡಿಸಿ ಹೇಳದೇ ಇದ್ದದ್ದರಿಂದ ಮೆರಿಯಲ್ ಅದನ್ನು ತನ್ನ ಕೈ ಎಂದೇ ತಿಳಿದುಕೊಂಡಿದ್ದಳು.

"ಅದನ್ನ ನನ್ನ ಜೇಬಲ್ಲಿ ಇಟ್ಕೋತೀನಿ, ಕೊಡು," ಎಂದ ನೆವಿಲ್.

"ಹೋದ ಸಲದ್ದನ್ನ ಏನು ಮಾಡಿದೆ? ತೋಟದ ಗೊಬ್ಬರದ ಗುಂಡೀಲಿ ಸಿಕ್ತು. ಇದು ನನ್ನ ಚೀಲದಲ್ಲಿರುತ್ತೆ. ಫೋನೂ ಇಲ್ಲೇ ಇರಲಿ, ಬೀಳಿಸಿಕೊಂಡು ಒಡೀತೀಯ. ನೀನು ನನ್ನ ಪಕ್ಕ ಇರ್ತೀಯ. ಅಷ್ಟೇ."

"ನಾನೇನು ನಿನ್ನ ಇನ್ನೊಂದು ಚೀಲಾನ?"

"ಚೀಲ ಆಗಿದ್ರೆ ಚೆನ್ನಾಗಿತ್ತು. ಚೀಲ ಎದುರು ಮಾತಾಡಲ್ಲ."

ಸುತ್ತ ನಿಂತವರು ನಕ್ಕರು. ನೆವಿಲ್ ನಗಲಿಲ್ಲ. ಮೆರಿಯಲ್‌ಳ ತಮ್ಮ ರಸೆಲ್ ಅವತ್ತಿನ ತಲೆ. ದೊಡ್ಡ ಗಂಟಲಿನ, ಒಳ್ಳೆ ಮನಸ್ಸಿನ, ಯೋಚನೆ ಕಮ್ಮಿಯಿರುವ ಆಳು. ಅವನು ಭಾವನ ಬೆನ್ನು ತಟ್ಟಿ, "ಭಾವ, ನಮ್ಮಕ್ಕನ ಕೈಲಿ ಸಿಕ್ಕಿಹಾಕಿಕೊಂಡೋರು ಯಾರೂ ಬಿಡಿಸ್ಕೊಂಡಿಲ್ಲ, ಸುಮ್ನೆ ಬನ್ನಿ," ಎಂದ. ಎಲ್ಲರೂ ಹೊರಟರು.

ಬೆಳಗಿನ ದಾರಿ ಚೆನ್ನಾಗಿಯೇ ಸಾಗಿತು. ಒಂದು ಏರು, ಒಂದು ಇಳಿಜಾರು, ಮತ್ತೊಂದು ಏರು. ಎರಡೂ ಬದಿಗೆ ತಲೆಮಟ್ಟ ಬೆಳೆದ ಮುಳ್ಳುಬೇಲಿ, ಬೇಲಿಯ ಸಂದಿಯಲ್ಲಿ ಕುರಿಗಳು. ನೆವಿಲ್ ಮೆರಿಯಲ್‌ಳ ಪಕ್ಕದಲ್ಲೇ ಬಾಯಿ ಹೊಲಿದುಕೊಂಡವನ ಹಾಗೆ ಪೆಡಲ್ ತುಳಿದ. ಹಿಂದೆಲ್ಲ ಈ ಏರುಗಳಲ್ಲಿ ರಸೆಲ್‌ನನ್ನೇ ಹಿಂದೆ ಹಾಕುತ್ತಿದ್ದವನು ಅವನು. ಅವನ ಮನಸ್ಸಿನಲ್ಲಿ ಏನು ಕುದಿಯುತ್ತಿದೆ ಎಂದು ಮೆರಿಯಲ್‌ಗೆ ಗೊತ್ತಿತ್ತು. ಗೊತ್ತಿದ್ದೂ, ಬೇಯಲಿ ಬಿಡು, ಬದುಕಿದ್ದರೆ ಸಾಕು ಎಂದುಕೊಂಡಳು.

ಸ್ಟೋಕ್‌ಲಿಯ ಚರ್ಚ್ ಹಾಲಿನಲ್ಲಿ ಎಂದಿನಂತೆ ಚಹಾ ಮತ್ತು ವಾಲ್‌ನಟ್ ಕೇಕು. ಹೊರಗೆ ಹೊರಡುವ ಹೊತ್ತಿಗೆ ಕ್ರೋಬ್ಯಾಂಕ್ ಗುಡ್ಡದ ಮೇಲಿಂದ ಮಂಜು ಇಳಿಯತೊಡಗಿತ್ತು. ಬ್ರಯನಿ ಎಂಬ ಹೊಸಬಳೊಬ್ಬಳು ಮಂಡಿ ಹಿಡಿದುಕೊಂಡು ಮೆಟ್ಟಿಲಿನ ಮೇಲೆ ಕೂತಿದ್ದಳು. ಮಂಡಿ ಊದಿತ್ತು. ಮೆರಿಯಲ್ ಅದಕ್ಕೆ ಬಟ್ಟೆ ಸುತ್ತಲು ಕುಳಿತಳು. ನೆವಿಲ್ ಸ್ವಲ್ಪ ಹೊತ್ತು ನಿಂತು ನೋಡಿದ.

"ಚಳಿ ಹಿಡೀತಿದೆ. ನಾನು ಉಳಿದವರ ಜೊತೆ ನಿಧಾನಕ್ಕೆ ಹೋಗ್ತಿರ್ತೀನಿ," ಎಂದ.

ಮೆರಿಯಲ್ ತಲೆ ಎತ್ತಲಿಲ್ಲ. "ಹೋಗು. ನಡುವೆ ಇರು. ರಸೆಲ್ ಜೊತೆ ಪೈಪೋಟಿಗೆ ಬಿದ್ದೀಯ, ಜೋಕೆ."

ಹಾಗೆ ಅವನು ಹೋದ. ಕೆಂಪು ಸೀಸೆ ಅವಳ ಚೀಲದಲ್ಲೇ ಉಳಿಯಿತು. ಆ ಕ್ಷಣದಲ್ಲಿ ಅದು ಅವಳ ತಲೆಗೆ ಹೊಳೆಯಲೇ ಇಲ್ಲ.

ಸ್ಟೋಕ್‌ಲಿಯಿಂದ ಕ್ವಿನ್‌ಫರ್ಡ್‌ಗೆ ಸಂಘದ ದಾರಿ ಕ್ರೋಬ್ಯಾಂಕ್ ಗುಡ್ಡ ಹತ್ತಿ, ಮೇಲಿನ ತಿರುವಿನಲ್ಲಿ ಬಲಕ್ಕೆ ಹೊರಳಿ ಇಳಿಯುತ್ತದೆ. ಕಡೆಯ ಈ ತುಂಡು ಎಲ್ಲರಿಗೂ ಮನೆಯ ಹಿತ್ತಲಿದ್ದ ಹಾಗೆ. ಹಾಗಾಗಿ ಚಹಾ ಆದ ಮೇಲೆ ಕಂಬ ನಿಲ್ಲಿಸುವ ರೂಢಿಯಿಲ್ಲ. ಚಹಾ ಕುಡಿದ ಮೇಲೆ ಅವರವರ ಪಾಡಿಗೆ ಅವರವರು ಪಬ್ಬಿನ ಕಡೆ ಓಟ. ಇದು ಬರೆದಿಟ್ಟ ನಿಯಮವಲ್ಲ, ಬಹಳ ಕಾಲದಿಂದ ನಡೆದುಬಂದದ್ದು.

ಬ್ರಯನಿ ಎರಡು ಸಲ ಪೆಡಲ್ ತುಳಿದು ಮುಖ ಕಿವುಚಿದಳು. "ಮೆರಿಯಲ್, ಆ ಗುಡ್ಡ ನನ್ನ ಕೈಲಾಗಲ್ಲ. ನೀವು ಹೋಗಿ, ನಾನು ಯಾರನ್ನಾದ್ರೂ ಕರೆಸ್ಕೋತೀನಿ."

"ಬಾಲ ಯಾರನ್ನೂ ಬಿಟ್ಟು ಹೋಗಲ್ಲ. ಬಾ, ಹಳೇ ರೈಲುದಾರೀಲಿ ಹೋಗೋಣ. ಹಲಗೆ ಹಾಸಿದ ಹಾಗೆ ಸಮತಟ್ಟು."

ಕಣಿವೆಯಲ್ಲಿ ಹಿಂದೆ ರೈಲು ಓಡುತ್ತಿದ್ದ ಹಾದಿ ಅದು. ಹಳಿ ಕಿತ್ತು ಜಲ್ಲಿ ಹಾಸಿ ಈಗ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟಿದ್ದಾರೆ. ಬಾಲ ದಾರಿ ಬಿಡಬಾರದು ಎಂಬ ಮಾತು ಮೆರಿಯಲ್‌ಗೆ ನೆನಪಾಗದೆ ಇರಲಿಲ್ಲ. ಆದರೆ ಚಹಾ ಮುಗಿದಿದೆ, ಕಂಬಗಳಿಲ್ಲ, ಇನ್ನು ಬಾಲ ಯಾವ ದಾರಿ ಹಿಡಿದರೇನು ಎಂದುಕೊಂಡಳು. ಇಬ್ಬರೂ ಸೈಕಲ್ ತಳ್ಳಿಕೊಂಡು, ಸ್ವಲ್ಪ ತುಳಿದುಕೊಂಡು ಹೊರಟರು. ಮಂಜಿನೊಳಗಿಂದ ನಾಯಿ ಹಿಡಿದುಕೊಂಡ ಒಬ್ಬ ಎದುರಾದ. ಮೆರಿಯಲ್ ತನ್ನ ಗಂಟೆ ಬಾರಿಸಿದಳು. ಅವಳಪ್ಪನ ಸೈಕಲ್ಲಿನಿಂದ ಬಿಚ್ಚಿ ಹಾಕಿಕೊಂಡ ಹಿತ್ತಾಳೆಯ ಗಂಟೆ ಅದು, ಚರ್ಚಿಗೆ ಕರೆಯುವಷ್ಟು ಜೋರು. ನಾಯಿ ಹೆದರಿ ಬೊಗಳಿತು. ಅಷ್ಟು ಬಿಟ್ಟರೆ ದಾರಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ.

ಪಬ್ಬು ಮುಟ್ಟುವ ಹೊತ್ತಿಗೆ ಬೆಳಕು ಮಾಸುತ್ತಿತ್ತು. ಗೋಡೆಗೆ ಒರಗಿದ ಸೈಕಲ್ಲುಗಳ ಸಾಲು ನೋಡಿ ಮೆರಿಯಲ್‌ಗೆ ಸಮಾಧಾನವಾಯಿತು. ಒಳಗೆ ಒಲೆಯ ಬೆಂಕಿ, ಒದ್ದೆ ಉಣ್ಣೆಯ ವಾಸನೆ, ರಸೆಲ್‌ನ ಗಂಟಲು. ಅವನ ಮುಂದೆ ಬಿಯರ್ ಗ್ಲಾಸುಗಳು ಖಾಲಿಯಾಗಿದ್ದವು. ಬ್ರಯನಿಯನ್ನು ಬೆಂಕಿಯ ಪಕ್ಕ ಕೂರಿಸಿ, ಪಬ್ಬಿನ ಒಡತಿ ಥೆಲ್ಮಾಗೆ ಬಿಸಿ ಸೂಪು ಹೇಳಿ, ಕೈಗವಸು ಬಿಚ್ಚುತ್ತಿದ್ದಾಗ ರಸೆಲ್ ಕೂಗಿದ.

"ಅಂತೂ ಬಂದ್ಯಲ್ಲಕ್ಕ! ಗುಡ್ಡದ ಮೇಲೆ ಮನೆ ಕಟ್ಟಿಕೊಂಡು ಕೂತುಬಿಟ್ಯೇನೋ ಅಂದ್ಕೊಂಡಿದ್ವಿ. ಭಾವ ಎಲ್ಲಿ?"

ಮೆರಿಯಲ್‌ಳ ಕೈ ಅರ್ಧ ಬಿಚ್ಚಿದ ಗವಸಿನಲ್ಲೇ ನಿಂತಿತು. "ನಿನ್ನ ಜೊತೆ ಬಂದ್ನಲ್ಲ."

"ನನ್ನ ಜೊತೆ ಬಂದ, ಹೌದು. ಏರಿನಲ್ಲಿ ನನ್ನ ಚಕ್ರಕ್ಕೇ ಅಂಟಿಕೊಂಡು ಬಂದ, ಮಾರಾಯ್ತಿ! ಮೊದಲಿನ ಹಾಗೆ. ಮೇಲೆ ಮಂಜು ಅಂದ್ರೆ ಮಂಜು, ಮೂಗಿನ ತುದಿ ಕಾಣ್ತಿರಲಿಲ್ಲ. ಹೊಸಬರು ಬೇರೆ ಇದ್ರು. ಅದಕ್ಕೆ ತಿರುವಿನಲ್ಲಿ ಕಂಬ ನಿಲ್ಲಿಸಿದೆ. ನನ್ನ ಬೆನ್ನಿಗಿದ್ದೋನು ಅವನೇ. ಎಷ್ಟು ಖುಷಿಯಾಗಿ ನಿಂತ ಗೊತ್ತಾ!" ರಸೆಲ್‌ನ ನಗು ಅಲ್ಲಿಗೆ ಕಡಿಮೆಯಾಯಿತು. "ನೀನು ಮೇಲಿಂದ ತಾನೇ ಬಂದದ್ದು?"

"ರೈಲುದಾರೀಲಿ ಬಂದೆ."

ಯಾರೂ ಸೆಡ್ರಿಕ್‌ನ ಕಡೆ ನೋಡಲಿಲ್ಲ. ಅವನೂ ಅವತ್ತು ಅಲ್ಲಿದ್ದ, ತನ್ನ ಗ್ಲಾಸಿನ ತಳ ನೋಡುತ್ತ ಕೂತಿದ್ದ.

"ಸರಿ, ಅದಕ್ಕೇನಂತೆ," ಎಂದ ರಸೆಲ್. "ಕಾದು ಕಾದು ಬೇಜಾರಾಗಿ ಇಳಿದು ಬರ್ತಾನೆ. ಭಾವ ಏನು ಸಣ್ಣ ಮಗೂನಾ? ತಲೆ ನೆಟ್ಟಗಿರೋ ಯಾರಾದ್ರೂ ಇಷ್ಟು ಹೊತ್ತು ನಿಲ್ತಾರಾ?"

ನೆವಿಲ್ ಮೂವತ್ತು ಚಳಿಗಾಲ ಸಿಗ್ನಲ್ ಕೋಣೆಯಲ್ಲಿ ಕೂತವನು. ಮುಂದಿನ ಕೋಣೆಯಿಂದ ದಾರಿ ಖಾಲಿ ಎಂಬ ಗಂಟೆ ಬಾರದೆ ಒಂದೇ ಒಂದು ಸಲವೂ ಸಿಗ್ನಲ್ಲಿನ ಹಿಡಿಕೆ ಎಳೆದವನಲ್ಲ. ಎಲ್ಲರೂ ಜಾಗ ಬಿಟ್ಟು ಓಡಿದರೂ ಅವನು ಬಿಡುವವನಲ್ಲ ಎಂದು ಮೆರಿಯಲ್‌ಗೆ ಗೊತ್ತಿತ್ತು. ಈ ಒಂದು ಗುಣಕ್ಕಾಗಿ ಅವನನ್ನು ಎಷ್ಟು ಸಲ ಹೊಗಳಿದ್ದಳೋ, ಈಗ ಆ ಗುಣವೇ ಅವನಿಗೆ ಇರದೇ ಹೋಗಿದ್ದರೆ ಎಂದು ಹಂಬಲಿಸಿದಳು. ಅವಳ ಕೈ ತಾನಾಗಿ ಬಾಗಿಲ ಕಡೆ, ಹೊರಗೆ ಸೈಕಲ್ಲಿಗೆ ಕಟ್ಟಿದ್ದ ಚೀಲದ ಕಡೆ ಚಾಚಿತು.

"ರಸೆಲ್, ಅವನ ಔಷಧಿ ನನ್ನ ಹತ್ರ ಇದೆ."

ಅದೇ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಮುದುಕ ಪ್ರೀಸ್ ಒಳಗೆ ಬಂದ. ಕ್ರೋಬ್ಯಾಂಕ್ ಮೇಲಿನ ಕುರಿಹೊಲಗಳೆಲ್ಲ ಅವನವು. ಬೂಟಿನ ಕೆಸರು ಒರೆಸುತ್ತಲೇ ಅವನು ಶುರುಮಾಡಿದ. "ಥೆಲ್ಮಾ, ನನ್ನದೊಂದು ಗ್ಲಾಸು ಹಾಕು. ಏನ್ರಯ್ಯಾ ಸೈಕಲ್ಲಿನೋರೇ, ನಿಮ್ಮೋನೊಬ್ಬನ್ನ ಮೇಲೆ ಮರೆತು ಬಂದಿದೀರಲ್ಲ? ಬೆದರುಬೊಂಬೆ ನಿಂತ ಹಾಗೆ ನಿಂತಿದಾನೆ. ಕಾಗೆ ಓಡಿಸೋಕೆ ಇಟ್ಟಿದೀರೋ ಹೆಂಗೆ?"

ಮೆರಿಯಲ್ ಅವನ ತೋಳು ಹಿಡಿದಳು. "ಯಾವಾಗ ನೋಡಿದ್ರಿ? ಹೇಗಿದ್ದ?"

"ಆಗಲೇ ಕಣಮ್ಮ, ಟ್ರ್ಯಾಕ್ಟರ್‌ನಲ್ಲಿ ಮೇಲಿನ ಹೊಲಕ್ಕೆ ಹೋಗ್ತಿದ್ದೆ. ಹತ್ತಯ್ಯಾ ಅಂದೆ. ಬೇಡ ಅಂದ. ನನ್ನ ಹೆಂಡತಿಗೆ ಹೇಳಿ, ಕಂಬ ಇಲ್ಲೇ ಇದೆ ಅಂತ ಅಂದ. ತಮಾಷೆ ಮಾಡ್ತಿದಾನೆ ಅಂದ್ಕೊಂಡು ಕುರಿಗೆ ಮೇವು ಹಾಕಿ, ನಾಯಿಗೆ ಊಟ ಹಾಕಿ ಬಂದೆ." ಅವನು ಅವಳ ಮುಖ ನೋಡಿ ಟೋಪಿ ತೆಗೆದ. "ಎದೆ ಉಜ್ಜಿಕೊಳ್ತಿದ್ದ. ಮುಖ ಮೇಣದ ಬತ್ತಿ ಥರ ಇತ್ತು. ಚಳಿಗೆ ಅಂದ್ಕೊಂಡೆನಲ್ಲಮ್ಮ ನಾನು."

ಆಮೇಲೆ ಎಲ್ಲವೂ ಒಟ್ಟೊಟ್ಟಿಗೆ ನಡೆಯಿತು, ಎಷ್ಟು ಬೇಗ ನಡೆದರೂ ಮೆರಿಯಲ್‌ಗೆ ನಿಧಾನವೆನಿಸಿತು. ಆ ಕಣಿವೆಯಲ್ಲಿ ಮೊಬೈಲು ಸತ್ತ ಹಾಗೆ. ಥೆಲ್ಮಾ ಗೋಡೆಯ ಫೋನಿನಿಂದ ಆಂಬುಲೆನ್ಸ್ ಕರೆದಳು. ಪಟ್ಟಣದಿಂದ ಗುಡ್ಡದ ಆಚೆ ಬದಿಯಿಂದ ಬರಬೇಕು, ಮಂಜಿದೆ, ತಡವಾಗುತ್ತದೆ ಎಂದರಂತೆ. ರಸೆಲ್ ಕುಡಿದಿದ್ದ, ಗಾಡಿ ಹಿಡಿಯುವ ಹಾಗಿರಲಿಲ್ಲ. ಅವನ ದೊಡ್ಡ ಮುಖ ಸಣ್ಣದಾಗಿತ್ತು. "ಅಕ್ಕಾ, ನಂಗೆ ಗೊತ್ತಿರಲಿಲ್ಲ, ಅಕ್ಕಾ," ಎನ್ನುತ್ತಲೇ ಇದ್ದ. ಕೊನೆಗೆ ಥೆಲ್ಮಾಳೇ ತನ್ನ ಬಿಯರ್ ಪೀಪಾಯಿ ಸಾಗಿಸುವ ವ್ಯಾನಿನ ಕೀಲಿ ತೆಗೆದುಕೊಂಡಳು.

"ಸೈಕಲ್ಲೂ ಹಾಕು," ಎಂದಳು ಮೆರಿಯಲ್. "ದೀಪ ಅದರಲ್ಲಿದೆ, ಚೀಲ ಅದರಲ್ಲಿದೆ." ಚೀಲ ಬಿಚ್ಚುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ಸೈಕಲ್ಲನ್ನು ಎತ್ತಿ ವ್ಯಾನಿನೊಳಗೆ ಒಗೆದವನು ಸೆಡ್ರಿಕ್.

ಕ್ವಿನ್‌ಫರ್ಡ್ ಕಡೆಯಿಂದ ಗುಡ್ಡಕ್ಕೆ ಹೋಗುವ ಓಣಿ ಒಂದು ಗಾಡಿಗಷ್ಟೇ ಅಗಲ. ಅಲ್ಲಲ್ಲಿ ಎದುರು ಬಂದವರಿಗೆ ಸರಿದುಕೊಳ್ಳಲು ಪಕ್ಕದಲ್ಲಿ ಒಂದು ಗಾಡಿಯಷ್ಟು ಜಾಗ ಕೊರೆದಿದ್ದಾರೆ. ಮಂಜಿನಲ್ಲಿ ಥೆಲ್ಮಾ ಮೂಗನ್ನು ಗಾಜಿಗೆ ತಾಗಿಸಿಕೊಂಡು ಓಡಿಸಿದಳು. ಮೆರಿಯಲ್ ಬೆಳಗಿನಿಂದ ತಾನು ಆಡಿದ ಒಂದೊಂದು ಮಾತನ್ನೂ ನೆನಪಿಸಿಕೊಂಡಳು. ಚೀಲ ಆಗಿದ್ದರೆ ಚೆನ್ನಾಗಿತ್ತು ಎಂದಿದ್ದಳು. ಎಲ್ಲರೂ ನಕ್ಕಿದ್ದರು.

ಅರ್ಧ ಗುಡ್ಡ ಏರಿದಾಗ ಎದುರಿಗೆ ಎರಡು ದೊಡ್ಡ ದೀಪ ಮೂಡಿ ನಿಂತವು. ಕುದುರೆ ಸಾಗಿಸುವ ಪೆಟ್ಟಿಗೆಗಾಡಿಯನ್ನು ಹಿಂದಕ್ಕೆ ಕಟ್ಟಿಕೊಂಡ ಜೀಪು. ಒಳಗೆ ಕುದುರೆ ಕಾಲು ಝಾಡಿಸುವ ಸದ್ದು. ಕಿಟಕಿಯಿಂದ ಒಬ್ಬಳು ತಲೆ ಹೊರಹಾಕಿ ಕೂಗಿದಳು. "ನೀವೇ ಹಿಂದೆ ಹೋಗ್ಬೇಕು ಕಣ್ರೀ! ಇದನ್ನ ಹಿಂದಕ್ಕೆ ತಗೊಳ್ಳೋಕೆ ನಂಗೆ ಬರಲ್ಲ!"

ಥೆಲ್ಮಾ ಹಿಂದಕ್ಕೆ ಹೊರಳಿಸಲು ನೋಡಿದಳು. ಅಷ್ಟರಲ್ಲಿ ಹಿಂದೆಯೂ ದೀಪ. ಹಾಲಿನ ಲಾರಿಯೊಂದು ಅವರ ಬೆನ್ನಿಗೇ ಬಂದು ನಿಂತಿತ್ತು. ಲಾರಿಯವನು ಕೆಳಗಿನ ಜಾಗದವರೆಗೆ ಹಿಂದೆ ಸರಿಯಬೇಕು, ಆಮೇಲೆ ವ್ಯಾನು, ಆಮೇಲೆ ಕುದುರೆ. ಥೆಲ್ಮಾ ಹಾರ್ನ್ ಒತ್ತಿದಳು. ಲಾರಿಯವನೂ ಒತ್ತಿದ. ಕುದುರೆ ಕೆನೆಯಿತು.

"ಥೆಲ್ಮಾ, ಹಿಂದಿನ ಬಾಗಿಲು ತೆಗಿ."

"ಹುಚ್ಚು ಹಿಡಿದಿದೆಯಾ ನಿಂಗೆ? ಮುಂದೆ ಇರೋದೆಲ್ಲ ಗೋಡೆ ಥರ ಏರು. ಅದನ್ನ ನೀನು ಯಾವತ್ತಾದ್ರೂ ತುಳಿದು ಹತ್ತಿದೀಯಾ?"

"ಇಲ್ಲ. ತೆಗಿ."

ಜೀಪಿಗೂ ಬೇಲಿಗೂ ನಡುವೆ ಒಂದು ಮೊಳ ಸಂದಿಯಿತ್ತು. ಸೈಕಲ್ಲನ್ನು ತಲೆಯ ಮೇಲೆತ್ತಿಕೊಂಡು ಮೆರಿಯಲ್ ಬೇಲಿಗೆ ಬೆನ್ನು ಕೊಟ್ಟು ನುಗ್ಗಿದಳು. ಮುಳ್ಳು ಕೆನ್ನೆ ಗೀರಿತು, ಕೋಟಿನ ತೋಳು ಹರಿಯಿತು. ಆಚೆ ಬಂದು ಸೈಕಲ್ ಹತ್ತಿದಳು.

ಸಂಘ ಈ ಬದಿಯಿಂದ ಗುಡ್ಡ ಹತ್ತಿದಾಗಲೆಲ್ಲ ಆ ಏರನ್ನು ಅವಳು ಇಷ್ಟು ವರ್ಷ ಬಾಲವೆಂಬ ನೆಪದಲ್ಲಿ ತಳ್ಳಿಕೊಂಡೇ ಹತ್ತಿದ್ದಳು. ಯಾರಾದರೂ ಸುಸ್ತಾದವರ ಜೊತೆ ನಡೆಯುತ್ತಿದ್ದೇನೆ ಎಂದು ಹೇಳಿಕೊಳ್ಳಲು ಅನುಕೂಲವಿತ್ತು. ಈಗ ನೆಪಕ್ಕೆ ಯಾರೂ ಇರಲಿಲ್ಲ. ತೊಡೆ ಉರಿಯಿತು, ಉಸಿರು ಗಂಟಲಿಗೆ ಬಂತು. ದೀಪದ ಮುಂದೆ ಬರೀ ಹಾಲು ಬಣ್ಣದ ಮಂಜು. ರಸ್ತೆಯ ಅಂಚಿನ ಹುಲ್ಲು ನೋಡಿಕೊಂಡು ತುಳಿದಳು. ಇಳಿದು ತಳ್ಳಿದರೆ ಸುಲಭವಾಗುತ್ತಿತ್ತೇನೋ. ಆದರೆ ತುಳಿಯುವುದು ನಿಂತರೆ ತನ್ನ ಎದೆಯೂ ನಿಂತುಬಿಡುತ್ತದೆ ಎನ್ನಿಸುತ್ತಿತ್ತು. ನೆವಿಲ್, ಇಳಿದು ಹೋಗಿರು, ಯಾರದ್ದಾದರೂ ಮನೆ ಬಾಗಿಲು ತಟ್ಟಿರು, ಸೆಡ್ರಿಕ್‌ನ ಹಾಗೆ ಹೇಡಿಯಾಗಿರು ಎಂದು ಒಳಗೊಳಗೇ ಬೇಡಿಕೊಂಡಳು. ಆ ಬೇಡಿಕೆಯ ಹಿಂದೆಯೇ ಇನ್ನೊಂದು ಹೆದರಿಕೆ ಬಂತು. ಇಳಿಯಲು ಹೋಗಿ ದಾರಿಯ ಬದಿಯ ಯಾವುದಾದರೂ ಹಳ್ಳದಲ್ಲಿ ಬಿದ್ದಿದ್ದರೆ, ಈ ಮಂಜಿನಲ್ಲಿ ಪಕ್ಕದಲ್ಲೇ ಹಾದು ಹೋದರೂ ತನಗೆ ಕಾಣುವುದಿಲ್ಲ. ದಾರಿಯುದ್ದಕ್ಕೂ ಗಂಟೆ ಬಾರಿಸುತ್ತ ಹೋದಳು. ಬಾರಿಸಿ, ಕಿವಿಗೊಟ್ಟು, ಮತ್ತೆ ಬಾರಿಸಿದಳು. ಕುರಿಗಳು ಮಾತ್ರ ಉತ್ತರ ಕೊಟ್ಟವು.

ರಸ್ತೆ ಸಮವಾಯಿತು. ತಿರುವು ಬಂದಿರಬೇಕು. ಮೊದಲು ಅವಳ ದೀಪಕ್ಕೆ ಸಿಕ್ಕಿದ್ದು ಬಿಳಿಯ ದಾರಿಫಲಕದ ಕಾಲು. ಅದರ ಬುಡದಲ್ಲಿ ಮಲಗಿಸಿದ ಸೈಕಲ್ಲು. ಫಲಕಕ್ಕೆ ಬೆನ್ನು ಕೊಟ್ಟು, ಮಳೆಯಂಗಿ ಹೊದ್ದುಕೊಂಡು ಒಬ್ಬ ಕೂತಿದ್ದ. ಅವನ ಬಲಗೈ ಮಂಡಿಯ ಮೇಲಿಂದ ಕ್ವಿನ್‌ಫರ್ಡ್ ಕಡೆಗೆ ನೆಟ್ಟಗೆ ಚಾಚಿತ್ತು. ಕಣ್ಣು ಮುಚ್ಚಿತ್ತು.

"ನೆವಿಲ್!"

ಕಣ್ಣು ತೆರೆಯಿತು. ಮೆರಿಯಲ್ ಸೈಕಲ್ ಎಸೆದು ಮಂಡಿಯೂರಿದಳು. ಚೀಲದ ಕೊಂಡಿ ಅವಳ ಬೆರಳಿಗೆ ಸಿಗಲಿಲ್ಲ, ಹಲ್ಲಿನಿಂದ ಕಚ್ಚಿ ಎಳೆದಳು. ಫೋನು, ಪಂಕ್ಚರ್ ಡಬ್ಬಿ, ಕೇಕಿನ ತುಂಡು, ಎಲ್ಲ ರಸ್ತೆಗೆ ಚೆಲ್ಲಿದವು. ಕೆಂಪು ಸೀಸೆ ಎಲ್ಲಕ್ಕಿಂತ ಕೆಳಗಿತ್ತು.

"ಬಾಯಿ ತೆಗಿ. ನಾಲಿಗೆ ಎತ್ತು. ಎತ್ತೋ, ಎತ್ತು."

ಒಂದು ಸಲ ಒತ್ತಿದಳು. ಅವನ ಎಡಗೈ ಹಿಡಿದುಕೊಂಡು ಕಾದಳು. ಅವನ ತುಟಿ ನೀಲಿಗಟ್ಟಿತ್ತು, ಹಣೆಯ ಮೇಲೆ ಬೆವರಿತ್ತು. ಆ ಚಳಿಯಲ್ಲೂ ಬೆವರು. ಮೆರಿಯಲ್ ತನ್ನ ಕೋಟು ಬಿಚ್ಚಿ ಹೊದೆಸಿದಳು, ಗಾಳಿಗೆ ಬೆನ್ನು ಕೊಟ್ಟು ಅವನಿಗೆ ಅಡ್ಡ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಲ ಒತ್ತಿದಳು. ಜೀವಮಾನದಲ್ಲಿ ಅಷ್ಟು ಉದ್ದದ ಹೊತ್ತನ್ನು ಅವಳು ಕಳೆದಿರಲಿಲ್ಲ. ನಿಧಾನವಾಗಿ ಅವನ ಉಸಿರು ಆಳಕ್ಕಿಳಿಯಿತು. ಬಿಗಿದಿದ್ದ ಹಲ್ಲು ಸಡಿಲವಾಯಿತು.

"ಹೋಗ್ತಾ ಇದೆ," ಎಂದ. "ನೋವು. ಹೋಗ್ತಾ ಇದೆ."

ಆಗ ಅವಳಿಗೆ ಅಳು ಬಂತು. ಅಳುವಿನ ಜೊತೆಗೆ ಸಿಟ್ಟೂ ಬಂತು, ಅವಳಿಗೆ ಯಾವಾಗಲೂ ಎರಡೂ ಒಟ್ಟಿಗೇ ಬರುವುದು. "ಪ್ರೀಸ್ ಕರೆದ್ರೆ ಯಾಕೆ ಹೋಗ್ಲಿಲ್ಲ? ಏನು ಅಂದ್ಕೊಂಡಿದೀಯ ನೀನು? ಇಲ್ಲಿ ನಿನಗೆ ಯಾರಾದ್ರೂ ಪದಕ ಕೊಡ್ತಾರಾ?"

"ಅವನ ಟ್ರ್ಯಾಕ್ಟರ್ ಮೆಟ್ಟಿಲು ಎತ್ತರ. ಹತ್ತೋಕೆ ಆಗ್ತಿರಲಿಲ್ಲ. ಹಾಗಂತ ಹೇಳೋಕೆ ನಾಚಿಕೆ ಆಯ್ತು."

"ನಾನು ಬರಲ್ಲ ಅಂತ ನಿಂಗೆ ಹೊಳೀಲೇ ಇಲ್ವಾ? ಬೇರೆ ದಾರೀಲಿ ಹೋಗಿರ್ತಾಳೆ ಅಂತ?"

"ಗೊತ್ತಿತ್ತು." ಅವನು ಸ್ವಲ್ಪ ಉಸಿರು ತೆಗೆದುಕೊಂಡ. "ನಿಮ್ಮಪ್ಪನ ಗಂಟೆ ಕೇಳಿಸ್ತು. ಕೆಳಗಡೆ, ರೈಲುದಾರಿ ಕಡೆ. ಒಂದು ನಾಯಿ ಬೊಗಳ್ತು. ಮೆರಿಯಲ್ ಕೆಳಗೆ ಹೋದ್ಳು ಅಂದ್ಕೊಂಡೆ. ಆಗಲೇ ಎದೆ ಶುರುವಾಗಿತ್ತು."

ಮೆರಿಯಲ್ ಅವನನ್ನೇ ನೋಡಿದಳು. ಅವಳ ಕೆನ್ನೆಯ ಗೀರಿನಿಂದ ರಕ್ತ ಇಳಿದು ಕೊರಳಿಗೆ ಬಂದಿತ್ತು, ಅದು ಅವಳಿಗೆ ಗೊತ್ತೇ ಆಗಿರಲಿಲ್ಲ. "ಗೊತ್ತಿದ್ದೂ ಯಾಕೆ ಕೂತೆ?"

"ಮತ್ತೆಲ್ಲಿಗೆ ಹೋಗ್ಲಿ? ಔಷಧಿ ನಿನ್ನ ಹತ್ರ. ನಾನು ಇಳಿಯೋಕೆ ಹೋಗಿ ಎಲ್ಲೋ ಬಿದ್ರೆ ನೀನು ಎಲ್ಲಿ ಅಂತ ಹುಡುಕ್ತಿದ್ದೆ? ಇವತ್ತಲ್ಲ ನಾಳೆ ನಿಂಗೆ ತಪ್ಪು ಮಾಡಿದೀನಿ ಅಂತ ಗೊತ್ತಾಗುತ್ತಲ್ಲ, ಗೊತ್ತಾದ ಕೂಡ್ಲೇ ನೀನು ಓಡಿ ಬರೋ ಜಾಗ ಇದೊಂದೇ. ಅದಕ್ಕೆ ಇಲ್ಲೇ ಇದ್ದೆ."

ಬಹಳ ದೂರದಲ್ಲಿ, ಗುಡ್ಡದ ಆಚೆ ಬದಿಯಲ್ಲಿ, ಆಂಬುಲೆನ್ಸಿನ ಕೂಗು ಕೇಳಿಸಿತು. ಮಂಜಿನಲ್ಲಿ ಒಮ್ಮೆ ಹತ್ತಿರವಾಗಿ, ಒಮ್ಮೆ ದೂರವಾಗಿ ಕೊನೆಗೆ ಹತ್ತಿರವೇ ಬರತೊಡಗಿತು.

ಮೆರಿಯಲ್ ಕೆಂಪು ಸೀಸೆಯ ಮುಚ್ಚಳ ಹಾಕಿದಳು. ಅದನ್ನು ತನ್ನ ಚೀಲಕ್ಕೆ ಹಾಕಲು ಕೈ ಹೋಯಿತು, ಅಭ್ಯಾಸ. ಅರ್ಧದಲ್ಲಿ ನಿಲ್ಲಿಸಿ, ಅವನ ಮಳೆಯಂಗಿ ಸರಿಸಿ, ಎದೆಯ ಮೇಲಿನ ಜೇಬಿಗೆ ಅದನ್ನು ಇಳಿಸಿ ಗುಂಡಿ ಹಾಕಿದಳು. ನೆವಿಲ್ ಜೇಬನ್ನು ನೋಡಿಕೊಂಡ, ಅವಳನ್ನೂ ನೋಡಿದ.

"ಕೈ ಇಳಿಸೋ ಈಗ. ಮರಗಟ್ಟಿರುತ್ತೆ."

ಅವನು ಇಳಿಸಲಿಲ್ಲ. ಬಲಗೈ ಇನ್ನೂ ಊರಿನ ಕಡೆಗೇ ಚಾಚಿತ್ತು. ಮುಖದಲ್ಲಿ ಬೆಳಗಿನಿಂದ ಕಾಣದಿದ್ದ ಒಂದು ತುಂಟತನ ಕಂಡಿತು.

"ನೀನಿನ್ನೂ ಹೇಳಿಲ್ಲ," ಎಂದ.

ಮೆರಿಯಲ್ ಮೂಗು ಒರೆಸಿಕೊಂಡಳು.

"ಬಾಲ ಬಂತು, ನೆವಿಲ್. ಹಿಂದೆ ಬರೀ ಗಾಳಿ."

ಅವನು ಕೈ ಇಳಿಸಿದ.